ಜಗತ್ತಿನ ಅತಿ ಕಡಿದಾದ ರಸ್ತೆ ಯಾವುದು? ಅಳತೆ ಎಲ್ಲಿ ಹಿಡಿಯಬೇಕು?

ಘಟ್ಟದ_ದಾರಿ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಜಗತ್ತಿನ ಅತಿ ಕಡಿದಾದ ರಸ್ತೆ ಅಂತ ವಾಟ್ಸಾಪ್‌ನಲ್ಲಿ ಒಂದಲ್ಲ ಒಂದು ವಿಡಿಯೊ ಬರ್ತಾನೇ ಇರುತ್ತದೆ. ಒಂದರಲ್ಲಿ ನ್ಯೂಜಿಲೆಂಡ್, ಇನ್ನೊಂದರಲ್ಲಿ ವೇಲ್ಸ್, ಮತ್ತೊಂದರಲ್ಲಿ ಅಮೆರಿಕ. ಮೂರಕ್ಕೂ ಅಂಕಿ ಬೇರೆ ಬೇರೆ. ಹಾಗಾಗಿ ಕೂತು ಸ್ವಲ್ಪ ಓದಿದೆ.

ನ್ಯೂಜಿಲೆಂಡಿನ ಡನೀಡನ್ ಊರಿನ ಬಾಲ್ಡ್‌ವಿನ್ ಸ್ಟ್ರೀಟಿನ ಏರು ಶೇ. 34.8. ವೇಲ್ಸ್‌ನ ಹಾರ್ಲೆಕ್ ಊರಿನ ಫೋರ್ಥ್ ಪೆನ್ ಲೆಖ್ ಮೊದಲು ಶೇ. 37.45 ಅಂತ ಘೋಷಣೆಯಾಯಿತು. 2019ರ ಜುಲೈನಲ್ಲಿ ಗಿನ್ನೆಸ್ ದಾಖಲೆ ಅದರ ಪಾಲಾಯಿತು. 2020ರ ಏಪ್ರಿಲ್‌ನಲ್ಲಿ ಅದೇ ದಾಖಲೆ ವಾಪಸ್ ಡನೀಡನ್‌ಗೆ ಹೋಯಿತು. ರಸ್ತೆ ಒಂದಿಂಚೂ ಬದಲಾಗಿಲ್ಲ, ಬದಲಾಗಿದ್ದು ಅಳತೆ ಹಿಡಿದ ಜಾಗ ಮಾತ್ರ.

ಇಲ್ಲಿ ಎಂಜಿನಿಯರುಗಳಿದ್ದಾರೆ, ಡ್ರೈವರುಗಳಿದ್ದಾರೆ, ಹೊರದೇಶದಲ್ಲಿ ಇರುವವರೂ ಇದ್ದಾರೆ. ಜನರ ಗಾಡಿ ದಿನಾ ಓಡಾಡುವ ರಸ್ತೆಗಳ ಬಗ್ಗೆ ಮಾತ್ರ ಮಾತಾಡೋಣ. ಜೀಪಿನವರು ಮಾತ್ರ ಹತ್ತಿಸುವ ಕೊಡಚಾದ್ರಿ, ಮಾಂದಲ್‌ಪಟ್ಟಿ ಥರದ ಕಚ್ಚಾ ದಾರಿ ಬೇಡ, ಅದಕ್ಕೆ ಬೇರೆ ಚರ್ಚೆ ಇಟ್ಕೊಳ್ಳೋಣ. ಕಡಿದು ಅಂದ್ರೆ ಏನು, ಅದನ್ನು ಅಳೆಯೋದು ಹೇಗೆ, ನಮ್ಮ ಘಾಟಿಗಳು ಎಲ್ಲಿ ನಿಲ್ಲುತ್ತವೆ, ಇಷ್ಟು ತಿಳಿದರೆ ಸಾಕು ನನಗೆ.

ದಕ್ಷಿಣ_ದ್ವೀಪದ_ಕನ್ನಡತಿ

ನಾನು ಡನೀಡನ್‌ನಲ್ಲೇ ಇದ್ದೇನೆ. ಊರಿಂದ ಯಾರೇ ಬಂದರೂ ಮೊದಲು ಕೇಳೋದು ಬಾಲ್ಡ್‌ವಿನ್ ಸ್ಟ್ರೀಟನ್ನೇ. ಊರಿನ ಮಧ್ಯದಿಂದ ಮೂರೂವರೆ ಕಿಲೋಮೀಟರ್, ನಾರ್ತ್ ಈಸ್ಟ್ ವ್ಯಾಲಿ ಅನ್ನೋ ಬಡಾವಣೆ.

ಇಡೀ ರಸ್ತೆ ಸುಮಾರು 350 ಮೀಟರ್ ಅಷ್ಟೇ. ಕೆಳಗಿನ ಅರ್ಧ ಸಾಧಾರಣ ಏರು. ಅಲ್ಲಿ ಟಾರು ಹಾಕಿದ್ದಾರೆ. ಮೇಲಿನ ಭಾಗ ಶುರುವಾದಾಗ ರಸ್ತೆಯ ಬಣ್ಣವೇ ಬದಲಾಗುತ್ತದೆ, ಅಲ್ಲಿಂದ ಕಾಂಕ್ರೀಟು. ಆ ಕಡಿದಾದ ಜಾಗದಲ್ಲಿ ಟಾರು ಹಾಕಿದರೆ ಬಿಸಿಲು ಜಾಸ್ತಿ ಇದ್ದ ದಿನ ಮೆತ್ತಗಾಗಿ ಕೆಳಕ್ಕೆ ಜಾರುತ್ತದೆ ಅಂತ ಹೀಗೆ ಮಾಡಿರೋದು. ಒಂದು ಬದಿಯ ಕಾಲುದಾರಿಗೆ ಮೆಟ್ಟಿಲೇ ಕಟ್ಟಿದ್ದಾರೆ. ಮನೆಗಳ ಮುಂದೆ ನಿಂತು ನೋಡಿದರೆ ಒಂದು ಕಡೆ ತಳಪಾಯ ಆಳೆತ್ತರ ಎದ್ದಿರುತ್ತದೆ, ಇನ್ನೊಂದು ಕಡೆ ಕಿಟಕಿಯ ಹತ್ತಿರಕ್ಕೇ ನೆಲ ಬಂದಿರುತ್ತದೆ. ಫೋಟೊ ತೆಗೆಯೋರು ಕ್ಯಾಮೆರಾನ ರಸ್ತೆಗೆ ಸಮವಾಗಿ ಓರೆ ಹಿಡೀತಾರೆ. ಆಗ ಮನೆ ಮಣ್ಣಲ್ಲಿ ಮುಳುಗುತ್ತಿರುವ ಹಾಗೆ ಕಾಣುತ್ತದೆ.

ಇಂಥ ಜಾಗದಲ್ಲಿ ನೇರ ರಸ್ತೆ ಯಾಕೆ ಬಂತು ಅನ್ನೋದೇ ನನಗೆ ದೊಡ್ಡ ಕುತೂಹಲ. ಹತ್ತೊಂಬತ್ತನೇ ಶತಮಾನದಲ್ಲಿ ಊರಿನ ನಕ್ಷೆಯನ್ನು ಚೌಕ ಚೌಕವಾಗಿ ಹಾಕಿದರು. ಗುಡ್ಡ ಎಲ್ಲಿದೆ, ಹಳ್ಳ ಎಲ್ಲಿದೆ ಅಂತ ನೋಡದೆ ಕಾಗದದ ಮೇಲಿನ ಗೆರೆ ಹಾಗೇ ನೆಲಕ್ಕೆ ಇಳಿಯಿತು ಅಂತ ಇಲ್ಲಿನವರು ಹೇಳ್ತಾರೆ. ವಿಲಿಯಂ ಬಾಲ್ಡ್‌ವಿನ್ ಅನ್ನೋರು ಆ ಜಾಗವನ್ನು ಸೈಟುಗಳಾಗಿ ಮಾಡಿದ್ದರಿಂದ ರಸ್ತೆಗೆ ಅವರ ಹೆಸರು. ಪಕ್ಕದ ಒಂದೆರಡು ಬೀದಿಗಳೂ ಬಹಳ ಕಡಿದೇ. ಆದರೆ ಯಾರೂ ಅವುಗಳ ಫೋಟೊ ತೆಗೆಯಲ್ಲ.

2002ರಿಂದ ಹಲವು ವರ್ಷ ಇಲ್ಲಿ ಜಾಫಾ ಓಟ ನಡೀತಿತ್ತು. ಜಾಫಾ ಅಂದ್ರೆ ಕಿತ್ತಳೆ ಬಣ್ಣದ, ಒಳಗೆ ಚಾಕೊಲೇಟ್ ಇರುವ ಗುಂಡು ಮಿಠಾಯಿ. ಸಾವಿರಾರು ಮಿಠಾಯಿಗಳಿಗೆ ನಂಬರ್ ಕೊಟ್ಟು ಮೇಲಿಂದ ಉರುಳಿಸಿ, ಯಾರ ನಂಬರ್ ಮೊದಲು ತಲುಪಿತು ಅಂತ ನೋಡಿ, ಬಂದ ಹಣವನ್ನು ಧರ್ಮಕಾರ್ಯಕ್ಕೆ ಕೊಡುತ್ತಿದ್ದರು. ಊರಿನ ಚಾಕೊಲೇಟ್ ಕಾರ್ಖಾನೆ 2018ರಲ್ಲಿ ಮುಚ್ಚಿತು, ಓಟವೂ ನಿಂತಿತು.

ಇದೇ ರಸ್ತೆಯಲ್ಲಿ 2001ರಲ್ಲಿ ಒಬ್ಬ ವಿದ್ಯಾರ್ಥಿನಿ ಚಕ್ರ ಇರುವ ಕಸದ ತೊಟ್ಟಿಯಲ್ಲಿ ಕೂತು ಇಳಿಯಲು ಹೋಗಿ, ಕೆಳಗೆ ನಿಂತಿದ್ದ ಟ್ರೇಲರ್‌ಗೆ ಬಡಿದು ಸತ್ತಳು. ವಿಡಿಯೊಗಳಲ್ಲಿ ಇದನ್ನು ಯಾರೂ ಹೇಳಲ್ಲ. ಇಲ್ಲಿಗೆ ಬರುವ ಹುಡುಗ್ರು ಸ್ಕೇಟ್‌ಬೋರ್ಡ್ ಹಿಡ್ಕೊಂಡು ಬಂದಾಗ ನನಗೆ ಅದೇ ನೆನಪಾಗುತ್ತದೆ.

ಸಿವಿಲ್_ಹುಬ್ಬಳ್ಳಿ

ಒಳ್ಳೆ ವಿಷಯ ತೆಗೆದೀರಿ ನೋಡ್ರಿ. ಮೊದಲು ಶೇಕಡಾ ಲೆಕ್ಕ ಸ್ಪಷ್ಟ ಮಾಡಿಕೊಳ್ಳೋಣ. ಅಡ್ಡಕ್ಕೆ 100 ಮೀಟರ್ ಹೋದಾಗ 10 ಮೀಟರ್ ಮೇಲಕ್ಕೆ ಏರಿದರೆ ಶೇ. 10. ಬಹಳ ಜನ ಇದನ್ನು ಡಿಗ್ರಿ ಅಂದ್ಕೋತಾರೆ. ಬಾಲ್ಡ್‌ವಿನ್‌ನ ಶೇ. 34.8 ಅಂದ್ರೆ ಸುಮಾರು 19 ಡಿಗ್ರಿ ಮಾತ್ರ. ಶೇ. 100 ಅಂದ್ರೆ 45 ಡಿಗ್ರಿ. 19 ಡಿಗ್ರಿ ಕಾಗದದ ಮೇಲೆ ಕಡಿಮೆ ಅನಿಸಬಹುದು. ಆದರೆ ಒಂದು ಟನ್ ತೂಕದ ಕಾರನ್ನು ಅಲ್ಲಿ ನಿಲ್ಲಿಸಿದರೆ, ಸುಮಾರು 330 ಕೆ.ಜಿ. ತೂಕದಷ್ಟು ಬಲ ಅದನ್ನು ಸದಾ ಕೆಳಕ್ಕೆ ಎಳೆಯುತ್ತಿರುತ್ತದೆ. ಅಷ್ಟನ್ನೂ ಹ್ಯಾಂಡ್‌ಬ್ರೇಕ್ ಮತ್ತು ಟಯರ್ ಹಿಡಿದಿಡಬೇಕು.

ಈಗ ಹಾರ್ಲೆಕ್ ವಿಷಯ. ಬಾಲ್ಡ್‌ವಿನ್ ನೇರ ರಸ್ತೆ. ಎಡ ಅಂಚಲ್ಲಿ ಅಳೆದರೂ, ನಡುವೆ ಅಳೆದರೂ, ಬಲ ಅಂಚಲ್ಲಿ ಅಳೆದರೂ ಹೆಚ್ಚುಕಡಿಮೆ ಒಂದೇ. ಹಾರ್ಲೆಕ್‌ನ ರಸ್ತೆ ತಿರುವು ಇರುವ ರಸ್ತೆ. ತಿರುವಿನಲ್ಲಿ ಒಳ ಅಂಚಿನ ದೂರ ಕಡಿಮೆ, ಹೊರ ಅಂಚಿನ ದೂರ ಜಾಸ್ತಿ. ಏರುವ ಎತ್ತರ ಮಾತ್ರ ಎರಡಕ್ಕೂ ಒಂದೇ. ಹಾಗಾಗಿ ಒಳ ಅಂಚು ಯಾವಾಗಲೂ ಜಾಸ್ತಿ ಕಡಿದು.

ಒಂದು ಲೆಕ್ಕ ಹಾಕಿ ತೋರಿಸ್ತೇನೆ. ಏಳು ಮೀಟರ್ ಅಗಲದ ರಸ್ತೆ, ಅರ್ಧ ಸುತ್ತು ತಿರುವು, ನಡುಗೆರೆಯ ತ್ರಿಜ್ಯ 14 ಮೀಟರ್ ಅಂತ ಇಟ್ಕೊಳ್ಳಿ. ನಡುಗೆರೆಯ ಉದ್ದ 44 ಮೀಟರ್, ಒಳ ಅಂಚಿನದು 33, ಹೊರ ಅಂಚಿನದು 55. ಈ ತಿರುವಲ್ಲಿ ರಸ್ತೆ ಮೂರೂವರೆ ಮೀಟರ್ ಏರುತ್ತದೆ ಅಂದ್ರೆ ನಡುವೆ ಶೇ. 8, ಒಳಗೆ ಶೇ. 10.6, ಹೊರಗೆ ಶೇ. 6.4. ಒಂದೇ ರಸ್ತೆ, ಒಂದೇ ತಿರುವು, ಮೂರು ಅಂಕಿ.

ಹಾರ್ಲೆಕ್‌ನ ಶೇ. 37.45 ಬಂದಿದ್ದು ಒಳ ಅಂಚಿನ ಲೆಕ್ಕದಲ್ಲಿ. ಡನೀಡನ್‌ನ ಸರ್ವೇಯರ್ ಟೋಬಿ ಸ್ಟಾಫ್ ಆಕ್ಷೇಪಣೆ ಸಲ್ಲಿಸಿ, ನಡುಗೆರೆಯಲ್ಲೇ ಅಳೆಯಬೇಕು ಅಂತ ವಾದ ಮಾಡಿದರು. ಗಿನ್ನೆಸ್‌ನವರು ಒಪ್ಪಿದರು. ನಡುಗೆರೆ ಲೆಕ್ಕದಲ್ಲಿ ಹಾರ್ಲೆಕ್ ಶೇ. 28.6ಕ್ಕೆ ಇಳಿಯಿತು. ನನ್ನ ಪ್ರಕಾರ ಇದು ನ್ಯಾಯವಾದ ತೀರ್ಪು. ನಾವು ರಸ್ತೆಯ ನಕ್ಷೆ ಬರೆಯುವಾಗಲೂ ಏರು ಇಳಿತ ತೋರಿಸೋದು ನಡುಗೆರೆಯಲ್ಲೇ.

ಘಟ್ಟದ_ದಾರಿ

ಸರ್, ಬಹಳ ಚೆನ್ನಾಗಿ ಅರ್ಥ ಆಯ್ತು. ಆದರೆ ಗಾಡಿ ಓಡಿಸೋನಿಗೆ ನಡುಗೆರೆ ಸಿಗಲ್ಲ ಅಲ್ವಾ? ಎಡಕ್ಕೆ ತಿರುಗುವ ಹೇರ್‌ಪಿನ್‌ನಲ್ಲಿ ಮೇಲೆ ಹೋಗೋನು ಒಳ ಅಂಚಿಗೇ ಬೀಳ್ತಾನೆ. ಆಗುಂಬೆಯಲ್ಲಿ ಕೆಲವು ತಿರುವಲ್ಲಿ ಸೆಕೆಂಡ್ ಗೇರ್ ಸಾಲದೆ ಫಸ್ಟ್‌ಗೆ ಬರಬೇಕಾಗೋದು ಇದಕ್ಕೇ ಇರಬೇಕು.

ಸಿವಿಲ್_ಹುಬ್ಬಳ್ಳಿ

ಸರಿಯಾಗಿ ಹಿಡಿದೀರಿ. ಅದಕ್ಕೇ ಹೇರ್‌ಪಿನ್ ತಿರುವನ್ನು ಸಾಧ್ಯವಾದಷ್ಟು ಮಟ್ಟಸವಾಗಿ ಇಡಬೇಕು ಅಂತ ರಸ್ತೆ ಕಟ್ಟೋಕೆ ಮಾನದಂಡ ಹಾಕಿಕೊಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮ ಇದೆ. ತಿರುವಿನೊಳಗೆ 40ಕ್ಕೆ 1, ಅಂದ್ರೆ ಶೇ. 2.5ಕ್ಕಿಂತ ಜಾಸ್ತಿ ಏರು ಇರಬಾರದು, ಒಳ ತ್ರಿಜ್ಯ 14 ಮೀಟರ್‌ಗಿಂತ ಕಡಿಮೆ ಇರಬಾರದು. ಹಳೇ ಘಾಟಿಗಳು ಈ ನಿಯಮ ಬರುವ ಮೊದಲೇ ಆದವು. ಈಗ ಅಗಲ ಮಾಡೋಣ ಅಂದ್ರೆ ಒಂದು ಕಡೆ ಬಂಡೆ, ಒಂದು ಕಡೆ ಪ್ರಪಾತ, ಸುತ್ತ ಕಾಡು.

ಇನ್ನೊಂದು ಮಾತು. ಮೂರು ಸಾವಿರ ಮೀಟರ್‌ಗಿಂತ ತಗ್ಗಿನ ಕಡಿದಾದ ಬೆಟ್ಟ ಪ್ರದೇಶದಲ್ಲಿ ಹೊಸ ರಸ್ತೆ ಮಾಡುವಾಗ ಸಾಮಾನ್ಯ ಮಿತಿ ಶೇ. 6. ಅನಿವಾರ್ಯ ಆದ್ರೆ ಶೇ. 7. ತೀರಾ ಬೇರೆ ದಾರಿ ಇಲ್ಲ ಅಂದಾಗ, ಅದೂ ಚಿಕ್ಕ ದೂರಕ್ಕೆ, ಶೇ. 8. ಬಯಲು ಸೀಮೆಯಲ್ಲಿ ಸಾಮಾನ್ಯ ಮಿತಿ ಶೇ. 3.3 ಮಾತ್ರ. ಹಾಗಾಗಿ ನಮ್ಮ ಹೆದ್ದಾರಿ ಘಾಟಿಗಳು ಡನೀಡನ್ ಜೊತೆ ಈ ಪಟ್ಟಿಯಲ್ಲಿ ನಿಲ್ಲೋದೇ ಇಲ್ಲ.

ಪಿಟ್ಸ್‌ಬರ್ಗ್_ರಾಯಚೂರು

ನಾನಿರುವ ಅಮೆರಿಕದ ಪಿಟ್ಸ್‌ಬರ್ಗ್ ಊರಿನ ಕ್ಯಾಂಟನ್ ಅವೆನ್ಯೂ ಬಗ್ಗೆ ಹೇಳದೆ ಇರೋಕಾಗಲ್ಲ. ಬೀಚ್‌ವ್ಯೂ ಅನ್ನೋ ಬಡಾವಣೆಯಲ್ಲಿದೆ. ಅಂಕಿ ಶೇ. 37, ಬಾಲ್ಡ್‌ವಿನ್‌ಗಿಂತ ಜಾಸ್ತಿ. ಆದರೆ ಆ ಶೇ. 37 ಇರೋದು ಸುಮಾರು ಆರೂವರೆ ಮೀಟರ್ ದೂರಕ್ಕೆ ಮಾತ್ರ. ಒಂದು ಉದ್ದನೆಯ ಕಾರು ಮತ್ತು ಅದರ ಹಿಂದೆ ಒಂದು ಬೈಕು ನಿಂತರೆ ಮುಗೀತು. ಹಾಗಾಗಿ ಎಷ್ಟು ದೂರಕ್ಕೆ ಅಂತ ಕೇಳದೆ ಶೇಕಡಾವಾರು ಹೇಳಿದರೆ ಅರ್ಥ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಕಡಿದಾದ ಜಾಗಕ್ಕೆ ಇಲ್ಲಿ ಕಾಂಕ್ರೀಟೂ ಇಲ್ಲ, ಟಾರೂ ಇಲ್ಲ, ಕಲ್ಲು ಹಾಸಿದ್ದಾರೆ. ಕಲ್ಲುಗಳ ಸಂದಿಗೆ ಟಯರ್ ಕಚ್ಚುತ್ತದೆ. ಒಣಗಿದ್ದಾಗ ಪರವಾಗಿಲ್ಲ. ಎಲೆ ಉದುರಿ ಮಳೆ ಬಂದರೆ ನಡೆಯೋಕೂ ಭಯ. 1983ರಿಂದ ಇಲ್ಲಿ ಡರ್ಟಿ ಡಜನ್ ಅಂತ ಸೈಕಲ್ ಸ್ಪರ್ಧೆ ನಡೀತಿದೆ. ಊರಿನ 13 ಕಡಿದಾದ ಏರುಗಳನ್ನು ಒಂದೇ ದಿನ ಹತ್ತಬೇಕು, ಕ್ಯಾಂಟನ್ ಅದರಲ್ಲಿ ಒಂದು. ಅರ್ಧಕ್ಕೆ ಸೈಕಲ್ ನಿಂತರೆ ಮತ್ತೆ ಅಲ್ಲಿಂದ ಶುರು ಮಾಡೋಕಾಗಲ್ಲ, ಕೆಳಗೆ ಹೋಗಿ ಬರಬೇಕು. ಬದಿಯಲ್ಲಿ ನಿಂತ ಜನ ಬೀಳೋರನ್ನು ಕೈಚಾಚಿ ಹಿಡಿಯೋದು ನೋಡಿದರೆ ಮನಸ್ಸು ತುಂಬಿ ಬರುತ್ತದೆ.

ಸೈಕಲ್_ಸವಾರ, ಯಲಹಂಕ

ಅಣ್ಣಾ, ಕಲ್ಲು ಹಾಸಿದ ಶೇ. 37 ಏರಿನಲ್ಲಿ ಸೈಕಲ್ ಅಂದ್ರೆ ಕೈ ಮುಗಿಯಬೇಕು. ಹ್ಯಾಂಡಲ್ ಮೇಲೆ ಪೂರ್ತಿ ಬಗ್ಗದಿದ್ದರೆ ಮುಂದಿನ ಚಕ್ರ ಎದ್ದುಬಿಡುತ್ತದೆ, ಜಾಸ್ತಿ ಬಗ್ಗಿದರೆ ಹಿಂದಿನ ಚಕ್ರ ಜಾರುತ್ತದೆ. ಇವೆರಡರ ನಡುವೆ ಒಂದು ಅಂಗೈ ಅಗಲದ ಜಾಗ ಇರುತ್ತದೆ ಅಷ್ಟೇ.

ಬೆಂಗಳೂರಿನ ಸೈಕಲ್ ಮಂದಿಗೆ ನಂದಿ ಬೆಟ್ಟವೇ ಅಳತೆಗೋಲು. ಬುಡದಿಂದ ತುದಿಗೆ ಏಳೂವರೆ ಕಿಲೋಮೀಟರ್ ಹತ್ತಿರ. ಸರಾಸರಿ ಶೇ. 5ರಿಂದ 6ರ ನಡುವೆ ಬರುತ್ತದೆ. ಕೊನೆಯ ಒಂದೆರಡು ಕಿಲೋಮೀಟರ್ ಮಾತ್ರ ಉಸಿರು ಕಟ್ಟಿಸುತ್ತದೆ. ಆದರೆ ಫೋನಿನ ಆ್ಯಪ್‌ನಲ್ಲಿ ಒಂದೊಂದು ತಿರುವಲ್ಲಿ ಶೇ. 28, ಶೇ. 30 ಅಂತೆಲ್ಲ ತೋರಿಸುತ್ತದೆ. ಅದನ್ನು ನಂಬಬಹುದಾ ಸರ್?

ಸಿವಿಲ್_ಹುಬ್ಬಳ್ಳಿ

ನಂಬಬೇಡ್ರಿ. ಫೋನಿನ ಜಿಪಿಎಸ್ ಎತ್ತರ ಹೇಳುವಾಗ ಕೆಲವು ಮೀಟರ್ ಆಚೀಚೆ ಆಗೋದು ಮಾಮೂಲು. ಏಳು ಕಿಲೋಮೀಟರ್ ಮೇಲೆ ಸರಾಸರಿ ತೆಗೆದಾಗ ಆ ವ್ಯತ್ಯಾಸ ಕರಗಿ ಹೋಗುತ್ತದೆ. 20 ಮೀಟರ್ ತಿರುವಿನಲ್ಲಿ ಮೂರು ಮೀಟರ್ ತಪ್ಪಿದರೆ ಅಲ್ಲೇ ಶೇ. 15 ಕೂಡಿಕೊಂಡಿತು. ಬಂಡೆ ಪಕ್ಕ, ಮರದ ಕೆಳಗೆ ಇನ್ನೂ ಕಷ್ಟ.

ಮನೆ ಮುಂದಿನ ರಸ್ತೆ ಎಷ್ಟು ಕಡಿದು ಅಂತ ತಿಳಿಯಬೇಕಾದರೆ ಮೇಸ್ತ್ರಿ ಹತ್ತಿರ ಇರುವ ಸಾಮಾನು ಸಾಕು. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ, ಒಂದು ರಸಮಟ್ಟ, ಒಂದು ಟೇಪು. ಪಟ್ಟಿಯ ಒಂದು ತುದಿಯನ್ನು ರಸ್ತೆಯ ಎತ್ತರದ ಕಡೆ ನೆಲಕ್ಕೆ ಇಡಿ. ಇನ್ನೊಂದು ತುದಿ ಇಳಿಜಾರಿನ ಕಡೆ ಇರಲಿ. ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುವೆ ಬರುವ ತನಕ ಆ ತುದಿಯನ್ನು ಮೇಲಕ್ಕೆತ್ತಿ. ಈಗ ಆ ತುದಿಯಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಅಂತರ ಇದೆಯೋ ಅದೇ ಶೇಕಡಾ. 12 ಸೆಂಟಿಮೀಟರ್ ಇದ್ದರೆ ಶೇ. 12. ಬೇರೆ ಲೆಕ್ಕವೇ ಬೇಡ. ಒಂದೇ ಜಾಗದಲ್ಲಿ ಹಿಡಿದು ನಿಲ್ಲಿಸಬೇಡಿ, ಗುಂಡಿ ಉಬ್ಬು ಇರುತ್ತವೆ. ಹತ್ತು ಮೀಟರ್‌ವರೆಗೆ ಸಾಲಾಗಿ ಹಿಡಿದು ಸರಾಸರಿ ತೆಗೆಯಿರಿ.

ಮಡಿಕೇರಿ_ಮಳೆ

ಇದು ಚೆನ್ನಾಗಿದೆ ಸರ್. ನಮ್ಮಲ್ಲಿ ಒಳರಸ್ತೆಗಳೆಲ್ಲ ಏರೇ. ಈ ವಾರ ಹಿಡಿದು ನೋಡಿ ಹೇಳ್ತೇನೆ.

ಬಂದರು_ನಾಡಿನವನು, ಮಂಗಳೂರು

ಜನರ ಗಾಡಿ ದಿನಾ ಓಡಾಡುವ ರಸ್ತೆ ಅನ್ನೋ ಮಾತಿನ ಬಗ್ಗೆಯೂ ಸ್ವಲ್ಪ ಯೋಚಿಸಬೇಕು. ಹವಾಯಿಯ ವೈಪಿಯೊ ಕಣಿವೆಗೆ ಇಳಿಯುವ ರಸ್ತೆ ಒಂದು ಕಿಲೋಮೀಟರ್ ಉದ್ದಕ್ಕೂ ಸರಾಸರಿ ಶೇ. 25. ಉದ್ದ ಮತ್ತು ಕಡಿದು ಎರಡನ್ನೂ ಸೇರಿಸಿ ನೋಡಿದರೆ ಬಾಲ್ಡ್‌ವಿನ್ ಅದರ ಮುಂದೆ ಚಿಕ್ಕದೇ. ಟಾರು ಹಾಕಿದ, ಸರ್ಕಾರದ ರಸ್ತೆ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಗೆ ಮಾತ್ರ ಅವಕಾಶ ಇತ್ತು. ಗುಡ್ಡ ಕುಸಿಯುವ ಭಯದಿಂದ 2022ರಲ್ಲಿ ಪ್ರವಾಸಿಗರಿಗೆ ಮುಚ್ಚಿದರು. ಕಣಿವೆಯಲ್ಲಿ ಮನೆ, ಗದ್ದೆ ಇರುವವರು, ಆ ದ್ವೀಪದ ನಿವಾಸಿಗಳು, ಪರವಾನಗಿ ಇರುವ ಪ್ರವಾಸ ಕಂಪನಿಯವರು ಹೋಗಿ ಬರ್ತಾರೆ. ಇದನ್ನು ಪಟ್ಟಿಗೆ ಸೇರಿಸೋದಾ ಬಿಡೋದಾ?

ಇಂಗ್ಲೆಂಡಿನ ಹಾರ್ಡ್‌ನಾಟ್ ಪಾಸ್ ಮಾತ್ರ ಖಂಡಿತ ಸೇರಬೇಕು. 3ಕ್ಕೆ 1, ಅಂದ್ರೆ ಶೇ. 33. ಯಾರ ಕಾರು ಬೇಕಾದರೂ ಹೋಗಬಹುದು, ಒಂದೇ ಗಾಡಿ ಹಿಡಿಸುವ ಅಗಲ, ಎದುರಿಂದ ಇನ್ನೊಂದು ಬಂದರೆ ಯಾರಾದರೂ ಹಿಂದೆ ಹೋಗಲೇಬೇಕು. ರೋಮನ್ನರು ಕೋಟೆ ಕಟ್ಟಿಕೊಂಡು ಓಡಾಡುತ್ತಿದ್ದ ದಾರಿ ಅದು. ಜಪಾನಿನಲ್ಲೂ ಒಸಾಕಾ ನಾರಾ ನಡುವೆ ಕುರಗರಿ ಕಣಿವೆದಾರಿ ಅಂತ ಇದೆ, ಅದು ಅಲ್ಲಿನ ರಾಷ್ಟ್ರೀಯ ಹೆದ್ದಾರಿ 308. ಅಲ್ಲಿಯೂ ಶೇ. 30 ದಾಟುತ್ತದೆ. ಕಾಂಕ್ರೀಟು ಹಸಿ ಇದ್ದಾಗಲೇ ಬಳೆಯಾಕಾರದ ಗುರುತು ಒತ್ತಿರುತ್ತಾರೆ, ಟಯರ್ ಹಿಡಿತಕ್ಕೆ ಅಂತ.

ಘಟ್ಟದ_ದಾರಿ

ವೈಪಿಯೊ ಬಿಡೋದೇ ಸರಿ ಅನಿಸುತ್ತದೆ. ಅಲ್ಲಿಯವರ ಬದುಕಿನ ದಾರಿ ಅದು. ಪಟ್ಟಿ ಓದಿ ಜನ ನೋಡೋಕೆ ಹೋಗೋ ಥರ ಆಗಬಾರದು.

ಹಳೇ_ಸ್ಟೇರಿಂಗ್, ಸಕಲೇಶಪುರ

ನಾನು ಘಾಟಿಯಲ್ಲಿ ಬಸ್ ಓಡಿಸಿ ನಿವೃತ್ತನಾದವನು. ಎಲ್ಲರ ಬರಹ ಓದಿದೆ, ಬಹಳ ವಿಷಯ ತಿಳಿಯಿತು. ಆದರೆ ನನ್ನ ಮನಸ್ಸಿನ ಮಾತು ಹೇಳಿಬಿಡ್ತೇನೆ. 350 ಮೀಟರ್ ರಸ್ತೆ ಎಷ್ಟೇ ಕಡಿದಿರಲಿ, ಒಂದು ನಿಮಿಷದಲ್ಲಿ ಮುಗೀತು. ನಮ್ಮ ಘಾಟಿ ಅಷ್ಟು ಕಡಿದಲ್ಲ, ಆದರೆ ಮುಗಿಯೋದಿಲ್ಲ. ಹತ್ತು ಕಿಲೋಮೀಟರ್, ಇಪ್ಪತ್ತು ಕಿಲೋಮೀಟರ್ ಒಂದೇ ಸಮ ಇಳೀತಾನೇ ಇರಬೇಕು. ಜೀವ ಹೋಗೋದು ಅಲ್ಲಿ. ಹತ್ತುವಾಗ ಎಂಜಿನ್ ಸೋತರೆ ಗಾಡಿ ನಿಲ್ಲುತ್ತದೆ. ಇಳಿಯುವಾಗ ಬ್ರೇಕ್ ಸೋತರೆ ಗಾಡಿ ನಿಲ್ಲೋದಿಲ್ಲ.

ನಮಗೆ ಹಿರಿಯರು ಹೇಳಿಕೊಟ್ಟಿದ್ದು ಒಂದೇ: ಯಾವ ಗೇರಲ್ಲಿ ಹತ್ತಿದೆಯೋ ಅದೇ ಗೇರಲ್ಲಿ ಇಳಿ. ಘಾಟಿ ಶುರುವಾಗೋ ಮೊದಲೇ ಗೇರ್ ಇಳಿಸಿಕೊಳ್ಳಬೇಕು. ಓಟ ಜಾಸ್ತಿ ಆದಮೇಲೆ ಇಳಿಸೋಕೆ ಹೋದರೆ ಗೇರ್ ಬೀಳೋದೇ ಇಲ್ಲ, ಗಾಡಿ ನ್ಯೂಟ್ರಲ್‌ನಲ್ಲಿ ಉಳಿದುಬಿಡುತ್ತದೆ. ಬ್ರೇಕ್ ಮೇಲೆ ಕಾಲು ಇಟ್ಟೇ ಇರಬಾರದು. ಒತ್ತಿ, ವೇಗ ತಗ್ಗಿಸಿ, ಪೂರ್ತಿ ಬಿಡಬೇಕು. ಗಾಳಿ ಬ್ರೇಕಿನ ಗಾಡಿಯಲ್ಲಿ ಸುಮ್ನೆ ಸುಮ್ನೆ ಒತ್ತಿ ಬಿಟ್ಟು ಮಾಡಿದರೆ ಟ್ಯಾಂಕಿನ ಗಾಳಿಯೇ ಖಾಲಿ.

ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಹಾಕಿ ಇಳಿಸೋರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಎಂಜಿನ್ನೇ ಆಫ್ ಮಾಡಿ ಇಳಿಸೋರೂ ಇದ್ದರು. ಅವರಿಗೆ ಕೈ ಮುಗಿದು ಹೇಳ್ತೇನೆ, ಬೇಡ. ಎದುರಿಗೆ ಹತ್ತುವ ಗಾಡಿಗೆ ದಾರಿ ಬಿಡಿ. ಕಾನೂನಿನಲ್ಲೂ ಹಾಗೇ ಇದೆ, ಇಕ್ಕಟ್ಟಾದ ಬೆಟ್ಟದ ದಾರಿಯಲ್ಲಿ ಏರೋನಿಗೆ ಮೊದಲು.

ಸಿವಿಲ್_ಹುಬ್ಬಳ್ಳಿ

ಯಜಮಾನ್ರು ಹೇಳಿದ್ದಕ್ಕೆ ಲೆಕ್ಕದ ಬೆಂಬಲ ಕೊಡ್ತೇನೆ. ಜನ, ಲಗೇಜು ಸೇರಿ ಒಂದೂವರೆ ಟನ್ ತೂಕದ ಕಾರು 500 ಮೀಟರ್ ಎತ್ತರದಿಂದ ಕೆಳಗೆ ಬಂತು ಅಂದ್ಕೊಳ್ಳಿ. ವೇಗ ಜಾಸ್ತಿಯಾಗದಂತೆ ಪೂರ್ತಿ ಬ್ರೇಕಲ್ಲೇ ತಡೆದರೆ, ಹುಟ್ಟುವ ಬಿಸಿ ಸುಮಾರು 23 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಒಂದು ದೊಡ್ಡ ಬಿಂದಿಗೆ ತುಂಬ ನೀರು. ಅಷ್ಟೂ ಬಿಸಿ ನಾಲ್ಕು ಚಕ್ರದ ಡಿಸ್ಕು, ಡ್ರಮ್ಮು, ಪ್ಯಾಡುಗಳಲ್ಲಿ ಸೇರಬೇಕು. ಎಂಜಿನ್ ಬ್ರೇಕಿಂಗ್ ಮಾಡಿದರೆ, ಅಂದ್ರೆ ಕಡಿಮೆ ಗೇರಲ್ಲಿ ಆಕ್ಸಿಲರೇಟರ್ ಬಿಟ್ಟು ಎಂಜಿನ್ನಿಂದಲೇ ವೇಗ ತಡೆದರೆ, ಅದರ ಬಹುಪಾಲನ್ನು ಎಂಜಿನ್ ತೆಗೆದುಕೊಳ್ಳುತ್ತದೆ. ಅದಕ್ಕೆ ತಣ್ಣಗಾಗಲು ರೇಡಿಯೇಟರ್ ಇದೆ, ಬ್ರೇಕಿಗೆ ಗಾಳಿ ಬಿಟ್ಟರೆ ಇನ್ನೇನಿಲ್ಲ.

ಬ್ರೇಕ್ ಆಯಿಲ್ ವಿಷಯವೂ ಇದೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ 230 ಡಿಗ್ರಿ ತನಕ ಕುದಿಯಬಾರದು ಅನ್ನೋದು ನಿಯಮ. ತೇವ ಹೀರಿದ ಮೇಲೆ ಅದೇ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕುದಿದು ಗುಳ್ಳೆ ಎದ್ದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯೋದಿಲ್ಲ. ಮಲೆನಾಡಲ್ಲಿ, ಕರಾವಳಿಯಲ್ಲಿ ಗಾಡಿ ಇಟ್ಟಿರುವವರು ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸಲೇಬೇಕು. ಸರ್ವಿಸ್‌ಗೆ ಬಿಟ್ಟಾಗ ನೀವೇ ಬಾಯಿಬಿಟ್ಟು ಕೇಳಿ.

ನ್ಯೂಟ್ರಲ್ ಹಾಕಿದರೆ ಇಂಧನ ಉಳಿಯುತ್ತದೆ ಅನ್ನೋದೂ ಈಗಿನ ಗಾಡಿಗಳಲ್ಲಿ ನಿಜ ಅಲ್ಲ. ಗೇರಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಷನ್ ಗಾಡಿ ಇಂಧನವನ್ನೇ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಇರೋಕೆ ಇಂಧನ ಸುಡಲೇಬೇಕು.

ಇವಿ_ಪಯಣ, ಮೈಸೂರು

ನಾವು ಊಟಿಗೆ ಹೋಗೋರು. ವಾಪಸ್ ಬರುವಾಗ ಕಲ್ಲಟ್ಟಿ ಘಾಟಿಯಲ್ಲಿ ಮಸಿನಗುಡಿಗೆ ಇಳಿದರೆ ಹತ್ತಿರ ಅಂತ ಮ್ಯಾಪ್ ತೋರಿಸುತ್ತದೆ. 36 ಹೇರ್‌ಪಿನ್ ಅಂತೆ. ನಮ್ಮದು ಎಲೆಕ್ಟ್ರಿಕ್ ಕಾರು, ಗೇರೇ ಇಲ್ಲ. ಇಳಿಯಬಹುದಾ?

ಹಳೇ_ಸ್ಟೇರಿಂಗ್

ಬೇಡಮ್ಮಾ. ಮೇಲಿಂದ ಕೆಳಕ್ಕೆ ಇಳಿಯಲು ಹೊರಗಿನ ಗಾಡಿಗಳನ್ನು ಬಿಡೋದಿಲ್ಲ, ನೀಲಗಿರಿ ಜಿಲ್ಲೆಯ ಗಾಡಿಗಷ್ಟೇ ಅವಕಾಶ. ಸುಮ್ನೆ ಮಾಡಿದ ನಿಯಮ ಅಲ್ಲ ಅದು. ಕಡಿಮೆ ದೂರದಲ್ಲಿ ಸಾವಿರ ಮೀಟರ್‌ಗೂ ಜಾಸ್ತಿ ಇಳಿತ ಇದೆ. 2018ರಲ್ಲಿ ಒಂದು ಕಾರು ಅಲ್ಲಿ ಕಣಿವೆಗೆ ಬಿದ್ದು ಎರಡು ದಿನ ಯಾರಿಗೂ ಗೊತ್ತಾಗಿರಲಿಲ್ಲ. ಗೂಡಲೂರು ಮೇಲೆ ಬನ್ನಿ. ದೂರ ಜಾಸ್ತಿ ಆದರೂ ಇಳಿತ ನಿಧಾನ, ನೆಮ್ಮದಿಯಾಗಿ ಬರಬಹುದು. ಮ್ಯಾಪಿಗೆ ದೂರ ಗೊತ್ತು, ಇಳಿಜಾರು ಗೊತ್ತಿಲ್ಲ.

ಘಟ್ಟದ_ದಾರಿ

ಮ್ಯಾಪ್ ವಿಷಯಕ್ಕೆ ಒಂದು ಸೇರಿಸ್ತೇನೆ. ಲಾಸ್ ಏಂಜಲೀಸ್‌ನ ಬ್ಯಾಕ್ಸ್‌ಟರ್ ಸ್ಟ್ರೀಟ್ ಶೇ. 32. ಮುಖ್ಯರಸ್ತೆಯ ದಟ್ಟಣೆ ತಪ್ಪಿಸಲು ಆ್ಯಪ್‌ಗಳು ಜನರನ್ನು ಆ ಬೀದಿಗೆ ಕಳಿಸತೊಡಗಿದವು. ಏರಿನ ತುದಿಯಲ್ಲಿ ಮುಂದಿನ ರಸ್ತೆಯೇ ಕಾಣದೆ, ಮಳೆಯಲ್ಲಿ ಜಾರಿ, ಕಾರುಗಳು ಮನೆಗಳ ಕಾಂಪೌಂಡಿಗೆ ಗುದ್ದಿದವು. ನಿವಾಸಿಗಳು 2018ರಲ್ಲಿ ದೂರಿದ ಮೇಲೆ ಅಲ್ಲಿ ಏಕಮುಖ ಸಂಚಾರ ಮಾಡಿದರು.

ಸಿವಿಲ್_ಹುಬ್ಬಳ್ಳಿ

ಇವಿ_ಪಯಣ ಅವರೇ, ಗೂಡಲೂರು ಮೇಲೆ ಬರುವಾಗಲೂ ಒಂದು ನೆನಪಿರಲಿ. ಎಲೆಕ್ಟ್ರಿಕ್ ಕಾರು ಇಳಿಯುವಾಗ ಮೋಟಾರೇ ಬ್ರೇಕಿನ ಕೆಲಸ ಮಾಡಿ ಬ್ಯಾಟರಿಗೆ ಚಾರ್ಜ್ ತುಂಬುತ್ತದೆ. ಘಾಟಿಗೆ ಇದು ಬಹಳ ಒಳ್ಳೆಯದು. ಆದರೆ ಬ್ಯಾಟರಿ ಆಗಲೇ ತುಂಬಿದ್ದರೆ ಹೊಸ ಚಾರ್ಜ್ ಹಾಕೋಕೆ ಜಾಗ ಇರೋದಿಲ್ಲ, ಆ ತಡೆ ಕಡಿಮೆಯಾಗುತ್ತದೆ. ಬೆಟ್ಟದ ಮೇಲಿನ ರೆಸಾರ್ಟ್‌ನಲ್ಲಿ ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿ ಶೇ. 100 ಮಾಡಿಕೊಂಡು ಬೆಳಗ್ಗೆ ಇಳಿಯಬೇಡಿ. ಸ್ವಲ್ಪ ಖಾಲಿ ಇರಲಿ. ಪೆಟ್ರೋಲ್ ಆಟೊಮ್ಯಾಟಿಕ್ ಇರುವವರು ಮಾಮೂಲಿ ಓಟದ ಡಿ ನಲ್ಲೇ ಇಳಿಸದೆ ಕಡಿಮೆ ಗೇರಿನ ಎಲ್ ಅಥವಾ ಮ್ಯಾನುವಲ್ ಇಟ್ಟುಕೊಳ್ಳಿ.

ರೈಲು_ಪ್ರಿಯ, ಅರಸೀಕೆರೆ

ರೈಲಿನ ಲೆಕ್ಕ ಯಾರೂ ಹೇಳಲಿಲ್ಲ. ಸಕಲೇಶಪುರ ಸುಬ್ರಹ್ಮಣ್ಯ ಘಾಟಿಯಲ್ಲಿ ರೈಲು ಹಳಿಯ ಏರು 50ಕ್ಕೆ 1, ಅಂದ್ರೆ ಬರೀ ಶೇ. 2. ಅಷ್ಟಕ್ಕೇ ಹಿಂದಿನಿಂದ ತಳ್ಳೋಕೆ ಹೆಚ್ಚುವರಿ ಎಂಜಿನ್ ಬೇಕು. ಊಟಿ ರೈಲು ಕಲ್ಲಾರ್‌ನಿಂದ ಕೂನೂರಿಗೆ ಹತ್ತುವಾಗ ಶೇ. 8 ಚಿಲ್ಲರೆ. ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರಬೇಕು. ಕಬ್ಬಿಣದ ಮೇಲೆ ಕಬ್ಬಿಣಕ್ಕೆ ಅಷ್ಟು ಕಡಿಮೆ ಹಿಡಿತ. ರಬ್ಬರ್ ಟಯರ್ ಇರೋದಕ್ಕೇ ಶೇ. 34ರ ಬೀದಿಯಲ್ಲಿ ಮನೆ ಮಾಡಿ ಬದುಕೋಕೆ ಆಗಿರೋದು.

ಮಡಿಕೇರಿ_ಮಳೆ

ಎಲ್ಲರಿಗೂ ನಮಸ್ಕಾರ. ಹೇಳಿದಂತೆ ಪಟ್ಟಿ, ರಸಮಟ್ಟ ಹಿಡಿದು ಅಳೆದೆ. ಮೇಸ್ತ್ರಿಯೂ ಜೊತೆಗಿದ್ದರು. ಮುಖ್ಯರಸ್ತೆಯಿಂದ ನಮ್ಮ ಮನೆ ಕಡೆ ಬರುವ ನಾಲ್ಕು ಮೀಟರ್ ಅಗಲದ ರಸ್ತೆ, ನಡುವೆ ಒಂದು ಬಿಗಿ ತಿರುವು. ನೇರ ಭಾಗದಲ್ಲಿ ಶೇ. 16. ತಿರುವಿನ ನಡುಗೆರೆಯಲ್ಲಿ ಶೇ. 21. ಒಳ ಅಂಚಿನಲ್ಲಿ ಶೇ. 31! ಮಳೆಗಾಲದಲ್ಲಿ ಆಟೊದವರು ಆ ತಿರುವಲ್ಲಿ ಯಾಕೆ ಪೂರ್ತಿ ಹೊರಗೆ ಹೋಗಿ ಸುತ್ತು ಹಾಕಿ ಬರ್ತಾರೆ ಅಂತ ಈಗ ಅಂಕಿ ಸಮೇತ ಗೊತ್ತಾಯ್ತು. ಅವರು ಕಡಿಮೆ ಏರಿನ ದಾರಿ ಹಿಡೀತಿದ್ದಾರೆ.

ಇನ್ನೊಂದು ಸಹಾಯ ಬೇಕು ಸರ್. ಆ ತಿರುವಿನ ಟಾರು ಪ್ರತಿ ಮಳೆಗಾಲಕ್ಕೂ ಕಿತ್ತು ಹೋಗುತ್ತದೆ. ಈ ಸಲ ಕಾಂಕ್ರೀಟು ಹಾಕಿಕೊಡ್ತೇವೆ ಅಂತ ಹೇಳಿದ್ದಾರೆ. ಕೆಲಸ ನಡೆಯುವಾಗ ನಾವು ಏನು ನೋಡಿಕೊಳ್ಳಬೇಕು?

ಸಿವಿಲ್_ಹುಬ್ಬಳ್ಳಿ

ಇಷ್ಟು ಚೆನ್ನಾಗಿ ಅಳೆದಿದ್ದಕ್ಕೆ ಮೆಚ್ಚಿದೆ. ಒಳ ಅಂಚಿಗೆ ಶೇ. 31 ಇರೋ ತಿರುವಿಗೆ ಕಾಂಕ್ರೀಟೇ ಸರಿ. ಇಳಿಯೋ ಗಾಡಿ ಬ್ರೇಕ್ ಹಾಕಿದಾಗೆಲ್ಲ ಟಾರು ಮುಂದಕ್ಕೆ ತಳ್ಳಿಕೊಂಡು ಅಲೆ ಅಲೆಯಾಗುತ್ತದೆ, ಆ ಸಂದಿಗೆ ನೀರು ಸೇರಿ ಜಲ್ಲಿ ಎದ್ದು ಬರುತ್ತದೆ. ರೋಲರ್ ಕೂಡ ಆ ಏರಲ್ಲಿ ಸರಿಯಾಗಿ ಓಡೋದಿಲ್ಲ.

ಮೂರು ವಿಷಯಕ್ಕೆ ಗಮನ ಕೊಡಿ. ನೀರು ಜಾಸ್ತಿ ಹಾಕಿ ತೆಳ್ಳಗೆ ಕಲಸಲು ಬಿಡಬೇಡಿ, ಇಳಿಜಾರಲ್ಲಿ ಅದು ಕೆಳಕ್ಕೆ ಹರಿದು ಮೇಲ್ಭಾಗ ಸೊರಗುತ್ತದೆ. ಕೆಲಸ ಕೆಳಗಿನಿಂದ ಶುರುವಾಗಿ ಮೇಲಕ್ಕೆ ಹೋಗಲಿ. ಮುಖ್ಯವಾಗಿ, ಮೇಲ್ಮೈಯನ್ನು ಕರಣೆಯಲ್ಲಿ ನುಣ್ಣಗೆ ತೀಡಿ ಹೊಳೆಯುವಂತೆ ಮಾಡಿಸಬೇಡಿ. ನೋಡೋಕೆ ಚೆಂದ, ಮೊದಲ ಮಳೆಗೇ ಪಾಚಿ ಕಟ್ಟಿ ಜಾರುತ್ತದೆ. ಕಾಂಕ್ರೀಟು ಅರೆ ಗಟ್ಟಿಯಾದಾಗ ಒರಟು ಪೊರಕೆಯಿಂದ ರಸ್ತೆಗೆ ಅಡ್ಡಡ್ಡ ಗೀರು ಎಳೆಸಿ.

ಮಡಿಕೇರಿ_ಮಳೆ

ಗೀರು ನೇರ ಅಡ್ಡಕ್ಕೇ ಇರಬೇಕಾ ಅಥವಾ ಓರೆಯಾಗಿ ಎಳೆಯಬಹುದಾ? ಇಲ್ಲಿ ಮಳೆ ನೀರು ರಸ್ತೆ ಮೇಲೇ ಹರಿಯುತ್ತದೆ.

ಸಿವಿಲ್_ಹುಬ್ಬಳ್ಳಿ

ಚರಂಡಿ ಇರುವ ಕಡೆಗೆ ಸ್ವಲ್ಪ ಓರೆ ಇರಲಿ, ನೀರು ಗೀರಿನೊಳಗೆ ನಿಲ್ಲದೆ ಹೊರಗೆ ಹೋಗುತ್ತದೆ. ಒಳ ಅಂಚಿನ ಎರಡು ಮೀಟರ್ ಅಗಲಕ್ಕೆ ಗೀರು ಇನ್ನೂ ಆಳವಾಗಿ, ಒತ್ತೊತ್ತಾಗಿ ಬರಲಿ. ತಿರುವಿನ ಮೇಲುಗಡೆ ರಸ್ತೆಗೆ ಅಡ್ಡಲಾಗಿ ಒಂದು ಕಾಲುವೆ ತೆಗೆಸಿ, ಮೇಲೆ ಕಬ್ಬಿಣದ ಜಾಲರಿ ಹಾಕಿಸಿದರೆ ನೀರು ತಿರುವಿಗೆ ಬರೋ ಮೊದಲೇ ಚರಂಡಿಗೆ ಇಳಿಯುತ್ತದೆ. ಮಳೆ ಶುರುವಾಗೋಕೆ ಒಂದು ತಿಂಗಳು ಮುಂಚೆ ಕೆಲಸ ಮುಗಿಸಿಕೊಳ್ಳಿ, ಗೋಣಿಚೀಲ ಹೊದಿಸಿ ದಿನಾ ನೀರು ಹಾಕಿ ಕ್ಯೂರಿಂಗ್ ಮಾಡೋಕೆ ಅಷ್ಟು ಸಮಯ ಬೇಕು.